ನಾಲ್ಕನೇ ಜ್ವರದ ದಿನ

ಹೋದ ತಿಂಗಳು ಕೋಲಾರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ಯುವಕ ನನ್ನನ್ನು ದೂರದಿಂದಲೇ ಗುರುತಿಸಿ, ಹತ್ತಿರ ಬಂದು ಕೈಮುಗಿದ. ಹುತ್ತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಆಗ ಸ್ಲೇಟು ಹಿಡಿದು ಓಡಾಡುತ್ತಿದ್ದವನಿಗೆ ಈಗ ಮೀಸೆ ಬಂದಿದೆ. ಅವನ ಕೈಯಲ್ಲಿ ಗೂಡಿನ ಚೀಲ ಇರಲಿಲ್ಲ.

"ಏನಪ್ಪಾ, ಬರಿಗೈಲಿ ಬಂದಿದೀಯ?" ಅಂದೆ.

"ಈ ಸಲ ಗೂಡಿಲ್ಲ ಸಾರ್. ಸುಮ್ನೆ ರೇಟು ನೋಡ್ಕೊಂಡ್ ಹೋಗಾಣ ಅಂತ ಬಂದೆ" ಎಂದು ತಲೆ ತಗ್ಗಿಸಿ, "ಅಮ್ಮ ಹೋಗ್ಬಿಟ್ರು ಸಾರ್" ಅಂದ.

"ಅಯ್ಯೋ! ಯಾವಾಗಪ್ಪಾ?"

"ಮೂರನೇ ಜ್ವರ ಎದ್ದ ಮಾರನೇ ದಿನ."

ತಾರೀಕು ಅವನಿಗೆ ನೆನಪಿರಲಿಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ದಿನಗಳನ್ನು ಎಣಿಸುವುದೇ ಹಾಗೆ. ಹುಳ ತನ್ನ ಇಪ್ಪತ್ತೈದು ಚಿಲ್ಲರೆ ದಿನದ ಬದುಕಿನಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುಂಚೆ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಎದ್ದ ತಕ್ಷಣ ಅದಕ್ಕೆ ಹಸಿವು, ಸೊಪ್ಪು ಬೀಳಬೇಕು. ಮಿಕ್ಕ ದಿನಗಳಲ್ಲಂತೂ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆಯೇ ಹೋಯಿತು. ಹಾಗಾಗಿ ಆ ಮನೆಯ ಹೆಂಗಸರಿಗೆ ಊರು ದಾಟುವ ಅವಕಾಶ ಸಿಗುತ್ತಿದ್ದುದು ಜ್ವರದ ದಿನ ಮಾತ್ರ. ಅದರಲ್ಲೂ ನಾಲ್ಕನೆಯದು ದೊಡ್ಡ ಜ್ವರ, ಒಂದು ಹಗಲು ಒಂದು ರಾತ್ರಿ ಧಾರಾಳವಾಗಿ ಹಿಡಿಯುತ್ತದೆ. ಮದುವೆ, ನಾಮಕರಣ, ಆಸ್ಪತ್ರೆ, ಎಲ್ಲವನ್ನೂ ಅವರು ಆ ಒಂದು ದಿನಕ್ಕೆ ಹೊಂದಿಸಿಕೊಳ್ಳುತ್ತಿದ್ದರು.

ಅವನ ತಾಯಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಹುಳ ಸಾಕುವುದನ್ನು ಹೇಳಿಕೊಡುವ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಆಗಿ ಆ ಊರಿಗೆ ಬಂದಿಳಿದಾಗ ನನಗೆ ಇಪ್ಪತ್ತಮೂರು. ಪುಸ್ತಕ ಓದಿ ಪಾಸಾದವನು. ಅಂಗಿ ಜೇಬಿನಲ್ಲಿ ಸದಾ ಒಂದು ಥರ್ಮಾಮೀಟರು. ಅಕ್ಕನಿಗೆ ಮೂವತ್ತೆಂಟೋ ನಲವತ್ತೋ. ಎತ್ತರದ, ಬಡಕಲು ಹೆಂಗಸು. ಬೆರಳ ತುದಿಗಳು ಸೊಪ್ಪಿನ ಹಾಲಿನಿಂದ ಕಪ್ಪಗಾಗಿದ್ದವು. ಹುಳದ ಮನೆಯ ಶಾಖ ಎಷ್ಟಿದೆ ಎಂದು ನಾನು ಥರ್ಮಾಮೀಟರು ನೇತುಹಾಕಿ ಕಾಯುತ್ತಿದ್ದರೆ, ಅಕ್ಕ ಬಾಗಿಲಲ್ಲಿ ನಿಂತು ಕೆನ್ನೆ ಒಳಗೆ ಚಾಚಿ, "ಸ್ವಲ್ಪ ಬಿಸಿ ಜಾಸ್ತಿ ಆಯ್ತು ಸಾರ್, ಕಿಟಕಿ ತೆಗೀತೀನಿ" ಎನ್ನುತ್ತಿದ್ದರು. ಆಮೇಲೆ ನನ್ನ ಪಾದರಸವೂ ಅದನ್ನೇ ಹೇಳುತ್ತಿತ್ತು. ನನಗೆ ಕೋಪ ಬರುತ್ತಿತ್ತು.

ಅಕ್ಕ ಮಲ್ಲಿಗೆ ಮುಡಿದದ್ದನ್ನು ನಾನು ನೋಡಲೇ ಇಲ್ಲ. ಹುಳಕ್ಕೆ ವಾಸನೆ ಆಗದು. ಒಗ್ಗರಣೆ ಹಾಕುವುದೂ ಹಿತ್ತಲಿನ ಒಲೆಯಲ್ಲೇ. "ಮದುವೆಗ್ ಮುಡ್ಕೊಂಡಿದ್ದೇ ಕಡೆ ಸಾರ್ ಮಲ್ಲಿಗೆ ಹೂವ. ಪೋನೀ ಬಿಡಿ" ಎಂದು ನಗುತ್ತಿದ್ದರು. ಈ 'ಪೋನೀ ಬಿಡಿ' ಅವರ ಮಾತು. ಅರ್ಧ ತೆಲುಗು, ಅರ್ಧ ಕನ್ನಡ, ಎರಡರಲ್ಲೂ ಹೋಗಲಿ ಎಂದೇ ಅರ್ಥ. ಹಾಲು ಉಕ್ಕಿದರೂ ಅದೇ, ಗಂಡ ರೇಗಿದರೂ ಅದೇ. ಒಂದೇ ಭಾಷೆಯಲ್ಲಿ ಹೇಳಿದರೆ ಸಾಲದು ಎಂಬಷ್ಟು ಸಂಗತಿಗಳನ್ನು ಪಾಪ ಆಕೆ ಹೋಗಲಿ ಎಂದು ಬಿಟ್ಟಿದ್ದರು.

ಇನ್ನೊಂದು ಅಭ್ಯಾಸವಿತ್ತು. ಹುಳ ಸಾಕುವ ಬಿದಿರು ತಟ್ಟೆಗೆ ಸೊಪ್ಪು ಹರಡಿದ ಮೇಲೆ ಅಂಗೈಯನ್ನು ಮಟ್ಟವಾಗಿ ಹಿಡಿದು ಅಂಚಿನಿಂದ ನಡುವಿನವರೆಗೆ ಸುತ್ತಿಸುತ್ತ ಸವರುವುದು. ಆ ಸೀಮೆಯಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ. ಇದನ್ನು ಎಲ್ಲಿ ಕಲಿತಿರಿ ಎಂದು ಒಂದು ದಿನ ಕೇಳಿದೆ.

"ಗಾಲ್ಫ್ ಮೈದಾನದಾಗೆ" ಅಂದರು.

ನಾನು ತಬ್ಬಿಬ್ಬಾದೆ. ಕೇಳಿದರೆ, ಅವರ ಅಪ್ಪ ಚಿನ್ನದ ಗಣಿಯ ಊರಿನಲ್ಲಿ ಗಾಲ್ಫ್ ಮೈದಾನದ ಮಾಲಿ. ಅಕ್ಕ ಹುಟ್ಟಿ ಬೆಳೆದದ್ದು ಆ ಮೈದಾನದ ಅಂಚಿನ ಮಾಲಿಗಳ ಸಾಲುಮನೆಯಲ್ಲಿ. ಗುಂಡಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸಿರುತ್ತಿದ್ದರಂತೆ. ಒಂದೊಂದು ಗುಂಪು ಆಡಿ ಹೋದಮೇಲೂ ಅಪ್ಪ ಹೋಗಿ ಹೆಜ್ಜೆ ಗುರುತು ಅಳಿಸಿ, ಅಂಚಿನಿಂದ ನಡುವಿಗೆ ಸುತ್ತಿಸಿ ಮಟ್ಟ ಮಾಡುತ್ತಿದ್ದನಂತೆ. ತಾಯಿಯಿಲ್ಲದ ಮಗಳು ಹಿಂದೆ ಹಿಂದೆ ಓಡಾಡಿ ಆ ಕೈಚಳಕ ಕಲಿತಿದ್ದಳು.

"ನಮ್ ಗೂಡಿನಷ್ಟು ಬಿಳೀ ಚೆಂಡು ಸಾರ್. ಅದನ್ನ ಕೋಲಲ್ಲಿ ಹೊಡೆದು, ಅರ್ಧ ಮೈಲಿ ಆಚೆ ಬಾವುಟ ನೆಟ್ಟಿರೋ ಗುಂಡಿಗೆ ಬೀಳಿಸ್ಬೇಕು. ಬಿದ್ ಮೇಲೆ ತಿರ್ಗಾ ಈಚ್ಗೆ ತೆಗೀತಾರೆ."

"ತೆಗ್ದು?"

"ಮುಂದಿನ್ ಗುಂಡಿಗೆ ಹಾಕ್ತಾರೆ."

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಅಕ್ಕನ ಯಜಮಾನರು, "ನೋಡಿ ಸಾರ್, ಇದು ಇವಳ ತವರಿನವ್ರು ಮಾಡ್ತಿದ್ ಕೆಲ್ಸ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕರು. ಭಾನುವಾರ, ಹಬ್ಬದ ದಿನ ಆ ಮೈದಾನಕ್ಕೆ ಯಾರು ಬೇಕಾದರೂ ಬಂದು, ಆಟಕ್ಕೆ ಅಡ್ಡಬಾರದೆ ಮರದಡಿ ಬುತ್ತಿ ಬಿಚ್ಚಿ ಉಣ್ಣಬಹುದಿತ್ತಂತೆ. ನಡುವೆ ಒಂದು ಕೆರೆ, ಅದರಾಚೆ ಗಣಿಯ ಬಿಳಿ ಮಣ್ಣಿನ ಗುಡ್ಡಗಳು. ಅಷ್ಟು ಚೆಂದದ ಜಾಗ ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಅಕ್ಕ ಹೇಳುವಾಗ ಕಪ್ಪು ಬೆರಳುಗಳು ಗಾಳಿಯಲ್ಲಿ ಆ ಕೆರೆಯನ್ನು ಬರೆಯುತ್ತಿದ್ದವು.

ಮಿಕ್ಕ ಸಂಗತಿಯನ್ನು ನನಗೆ ಹೇಳಿದವರು ಅಕ್ಕನ ಅತ್ತೆ. ಹಲ್ಲಿಲ್ಲದ, ಗಡಸು ದನಿಯ ಮುದುಕಿ. ಒಂದು ಮಧ್ಯಾಹ್ನ ಅಕ್ಕ ತೋಟಕ್ಕೆ ಹೋಗಿದ್ದಾಗ ತಾವಾಗಿಯೇ ಬಾಯಿ ಬಿಟ್ಟರು.

"ಅವ್ಳ ಅಪ್ಪ ಸತ್ತಾಗ ಕಾಗ್ದ ಬಂತು ಸಾರ್. ಹುಳ ನಾಲ್ಕನೇ ಜ್ವರ ಎದ್ದು ಎರ್ಡು ದಿನ ಆಗಿತ್ತು, ದೊಡ್ ಮೇವು. ಹೇಳಿದ್ರೆ ಇವ್ಳು ಹೋಗ್ತಾಳೆ, ಸೂತಕ ತರ್ತಾಳೆ, ಹುಳದ್ ಮನೇಗೆ ಕಾಲಿಡಂಗಿಲ್ಲ. ಕಾಗ್ದ ತಗ್ದು ರಾಗಿ ಡಬ್ಬಕ್ಕೆ ಹಾಕ್ಬಿಟ್ಟೆ. ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ಚಂದ್ರಿಕೆ ತಟ್ಟಿ ಹತ್ತಿದ್ ಮೇಲೆ ಹೇಳ್ದೆ."

"ಎಷ್ಟು ದಿನ ಆಗಿತ್ತಜ್ಜಿ?"

"ಐದೋ ಆರೋ." ಮುದುಕಿ ಕಣ್ಣೊರೆಸಿಕೊಳ್ಳಲಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತ, "ಬೆಳೆ ಚೆನ್ನಾಗಾಯ್ತು" ಅಂದರು.

ಅಕ್ಕ ಹೋಗುವ ಹೊತ್ತಿಗೆ ಅಪ್ಪನ ಮನೆಗೆ ಬೇರೆ ಮಾಲಿಯ ಸಂಸಾರ ಬಂದಿತ್ತು. ಯಾರದೋ ಮಗು ಹೊಸಿಲ ಮೇಲೆ ಕೂತು ಅಳುತ್ತಿತ್ತಂತೆ. ಗಂಡ ಆತುರ ಮಾಡಿದ್ದರಿಂದ ಅದೇ ಕಾಲಲ್ಲಿ ಹಿಂದಿರುಗಿದರು. ಮೈದಾನದ ಕಡೆ ಹೋಗಲಿಲ್ಲ. ಆಮೇಲೆ ಹನ್ನೆರಡು ವರ್ಷ ಮತ್ತೆ ಹೋಗಲು ಆಗಲೇ ಇಲ್ಲ. ಕೂಗಿದರೆ ಕೇಳಿಸುವಷ್ಟು ಹತ್ತಿರವಲ್ಲದಿದ್ದರೂ ಎರಡು ಬಸ್ಸಿನ ದಾರಿ ಅಷ್ಟೆ. ಆದರೆ ಒಂದು ಬೆಳೆ ಮುಗಿದು ಮನೆ ತೊಳೆಯುವಷ್ಟರಲ್ಲಿ ಮುಂದಿನ ಮೊಟ್ಟೆ ಬಂದಿರುತ್ತಿತ್ತು.

ಅಕ್ಕನ ಮದುವೆಯಾದ ವರ್ಷ ಅಪ್ಪ ಆ ಮೈದಾನದಲ್ಲಿ ಒಂದು ಸಸಿ ನೆಟ್ಟಿದ್ದನಂತೆ. "ನೀನ್ ಹೋದ್ ಮೇಲೆ ನಾನ್ ಯಾರಿಗ್ ನೀರ್ ಕೊಡ್ಲಿ ಮಗಾ, ಇದಕ್ ಕೊಡ್ತೀನಿ" ಅಂದಿದ್ದನಂತೆ. ಕೊನೆಯ ಸಲ ತವರಿಗೆ ಹೋದಾಗ ಅದು ಸೊಂಟದ ಎತ್ತರ ಇತ್ತು. ಅಕ್ಕನಿಗೆ ಈಗ ತವರು ಎಂದರೆ ಅದೊಂದೇ. ಅದನ್ನು ಒಮ್ಮೆ ನೋಡಬೇಕು, ಅದರ ಅಡಿಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು. ಆಕೆ ಬದುಕಿನಲ್ಲಿ ಬಾಯಿಬಿಟ್ಟು ಬೇಡಿದ್ದು ಇದೊಂದನ್ನೇ.

"ಯಾವ ಮರ ಅಕ್ಕಾ?" ಎಂದು ಕೇಳಿದ್ದೆ.

"ತೋರಿಸ್ತೀನಲ್ಲ ಸಾರ್. ನೀವೂ ಬನ್ನಿ."

ನಾನು ಹುರುಪಿನ ಪ್ರಾಣಿ. ಮುಂದಿನ ಬೆಳೆಯ ನಾಲ್ಕನೇ ಜ್ವರಕ್ಕೆ ಹೋಗಿಬರೋಣ ಎಂದು ನಾನೇ ಯೋಜನೆ ಹಾಕಿದೆ. ಆಹಾ, ಆ ಯೋಜನೆಯ ಸಂಭ್ರಮವೇ! ಹುಳದ ಹಾಸಿಗೆಗೆ ಉದುರಿಸಲು ಇಲಾಖೆ ಕೊಟ್ಟ ಸುಣ್ಣದ ಪುಡಿಯಲ್ಲಿ ಅಕ್ಕ ಅಂಗಳದ ತುಂಬ ಗಾಲ್ಫ್ ಮೈದಾನ ಬರೆದರು. ಒಂಬತ್ತು ಗುಂಡಿ, ಕೆರೆ, ಬಸ್ಸು ನಿಲ್ಲುವ ಜಾಗ, ಸಾಲುಮನೆ. ಕೊಟ್ಟ ಕೊನೆಗೆ, ಒಂಬತ್ತನೇ ಗುಂಡಿಯ ಆಚೆ, ಒಂದು ಸಾಲು ಚುಕ್ಕೆ.

"ಇವು ಮರ. ಇದ್ರಾಗ್ ಒಂದು ಅಪ್ಪಂದು. ಇದು ಕೊನೇಗೆ ಇರ್ಲಿ ಸಾರ್. ಮೊದ್ಲು ಎಲ್ಲಾ ಸುತ್ಕೊಂಡು, ಕೆರೆ ಏರಿ ಮೇಲೆ ಬಂದು, ಹಸಿವಾದ್ ಮೇಲೆ ಅಲ್ಲಿ ಕೂತ್ಕೊಂಡು ಊಟ ಮಾಡಾಣ."

ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಪುಡಿ, ಮೊಸರನ್ನ ಎಂದು ಗೊತ್ತಾಯಿತು. ಯಾವ ಸೀರೆ ಎಂಬುದೂ ಗೊತ್ತಾಯಿತು. "ಹುಲ್ಲು ನೋಡಕ್ಕೆ ಬಸ್ ಹತ್ಕೊಂಡ್ ಹೋಗೋರ್ನ ಇವತ್ತೇ ನೋಡಿದ್ದು" ಎಂದು ಯಜಮಾನರು ಗೇಲಿ ಮಾಡಿದರೂ, ಆ ಚಿತ್ರ ತುಳಿಯದೆ ಗೋಡೆಯಂಚಿನಲ್ಲೇ ಓಡಾಡಿದರು.

ಆ ಸಲ ಮಳೆ ಹಿಡಿದು ಹುಳ ಒಂದೇ ಸಮನೆ ಜ್ವರಕ್ಕೆ ಕೂರಲಿಲ್ಲ. ಅರ್ಧ ಮಲಗಿದರೆ ಅರ್ಧ ತಿನ್ನುತ್ತಿತ್ತು. ಪೋನೀ ಬಿಡಿ. ಅದರ ಮುಂದಿನ ಸಲ ಅಕ್ಕನಿಗೇ ಮೈಬಿಸಿ. ಪೋನೀ ಬಿಡಿ. ಮೂರನೆಯ ಸಲ ಎಲ್ಲಾ ಕೂಡಿಬಂತು. ಬೇಸಗೆಯ ಆರಂಭ, ಶನಿವಾರ ಸಂಜೆ ಹುಳ ಒಟ್ಟಿಗೆ ಕೂತಿತ್ತು. ಮಾರನೇ ದಿನ ಸಂಜೆ ದೀಪ ಹಚ್ಚುವವರೆಗೆ ಏಳುವುದಿಲ್ಲ ಎಂದು ನಾನು ಲೆಕ್ಕ ಹೇಳಿದೆ. ಅಕ್ಕನಿಗೆ ಮಾತ್ರ ಧೈರ್ಯ ಬರಲಿಲ್ಲ.

"ಏನೋ ಒಂದ್ ಚೂರು ಮುಂಚೆ ಎದ್ಬಿಟ್ರೆ ಸಾರ್? ಯಜಮಾನ್ರಿಗೆ ಒಬ್ರಿಗೇ ಸೊಪ್ಪು ಹಾಕಕ್ಕಾಗುತ್ತಾ?"

ಆಗ ನನ್ನ ತಲೆಗೆ ಆ ಉಪಾಯ ಹೊಳೆಯಿತು. ಯಾಕಾದರೂ ಹೊಳೆಯಿತೋ! "ಅದೇ ತಟ್ಟೆಯಿಂದ ಇಪ್ಪತ್ತು ಹುಳ ಒಂದು ಡಬ್ಬಿಯಲ್ಲಿ ಜೊತೆಗೆ ತಗೊಂಡು ಹೋಗೋಣ. ಇವು ಎದ್ದರೆ ಮನೆಯಲ್ಲಿರೋವೂ ಎದ್ದ ಹಾಗೆ. ಇವು ಮಲಗಿರೋವರೆಗೂ ನಿಶ್ಚಿಂತೆಯಾಗಿರಿ" ಅಂದೆ. ಅಕ್ಕನ ಮುಖ ಅರಳಿತು. "ಓದ್ದೋರು ಓದ್ದೋರೇ ಸಾರ್" ಅಂದರು. ಅಲ್ಯೂಮಿನಿಯಂ ತಿಂಡಿ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ನಾನೇ ತೂತು ಹೊಡೆದೆ.

ಹೊರಟದ್ದು ನಾವು ಮೂವರು. ಅಕ್ಕ, ಅತ್ತೆ, ನಾನು. ಮಂಡಿ ನೋವಿನ ಮುದುಕಿ ತಾನೂ ಬರುತ್ತೇನೆ ಎಂದು ಹಟ ಹಿಡಿದಾಗ ಯಾಕೆಂದು ಯಾರೂ ಕೇಳಲಿಲ್ಲ. ಅಕ್ಕ ಅವತ್ತು ತಲೆತುಂಬ ಕನಕಾಂಬರ ಮುಡಿದಿದ್ದರು. ಅದಕ್ಕೆ ವಾಸನೆ ಇಲ್ಲವಲ್ಲ. ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ. ಕಂಡಕ್ಟರು ಹೆಂಗಸರಿಬ್ಬರನ್ನೂ ಡ್ರೈವರ್ ಪಕ್ಕ, ಇಂಜಿನ್ನಿನ ಮೇಲಿನ ಹಲಗೆಯ ಮೇಲೆ ಕೂರಿಸಿದ. ಡಬ್ಬಿ ಕುಲುಕಬಾರದೆಂದು ಅಕ್ಕ ಅದನ್ನು ಮಡಿಲಲ್ಲಿಟ್ಟು, ಸೆರಗು ಹೊದಿಸಿ, ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ಬಂಗಾರಪೇಟೆಯಲ್ಲಿ ಬಸ್ಸು ಬದಲಿಸುವಾಗಲೂ ನನಗೆ ಕೊಡಲಿಲ್ಲ.

ಮೈದಾನ ಅಕ್ಕ ಸುಣ್ಣದಲ್ಲಿ ಬರೆದ ಹಾಗೆಯೇ ಇತ್ತು. ಒಂದು ಗೆರೆಯೂ ತಪ್ಪಿರಲಿಲ್ಲ. ಅಂಚಿಗೆ ಬಂದ ಕೂಡಲೆ ಆಕೆ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡರು. "ಅಪ್ಪ ಬೈತಾರೆ" ಅಂದರು. ನಲವತ್ತರ ಹೆಂಗಸು ಹುಲ್ಲಿನ ಮೇಲೆ ಓಡಿದ್ದನ್ನು ನೋಡಿದೆ. ಮೊದಲ ಗುಂಡಿಯ ಮರಳಿನ ಹತ್ತಿರ ಮಂಡಿಯೂರಿ, ಯಾರೋ ಬಿಟ್ಟ ಹೆಜ್ಜೆ ಗುರುತನ್ನು ಅಂಗೈಯಿಂದ ಸವರಿ ಅಳಿಸಿದರು. ದೂರದಲ್ಲಿ ಬಿಳಿ ಅಂಗಿಯ ಆಟಗಾರರು ನಮ್ಮನ್ನು ನೋಡಿ ಸುಮ್ಮನಾದರು. ಮುದುಕಿಗಾಗಿ ಅಲ್ಲಲ್ಲಿ ಕೂರುತ್ತ, ಕೆರೆ ಏರಿ ಹತ್ತುವ ಹೊತ್ತಿಗೆ ಹನ್ನೊಂದೂವರೆ. ಏರಿಯಿಂದ ಆ ಮರಗಳ ಸಾಲು ಕಾಣುತ್ತಿತ್ತು. ಇನ್ನೊಂದು ಕಾಲು ಗಂಟೆಯ ನಡಿಗೆ.

"ಅದೇ ಸಾರ್, ಅದೇ!" ಎಂದು ಅಕ್ಕ ಬೆರಳು ತೋರಿಸಿದರು. ಸಾಲನ್ನು ತೋರಿಸಿದರೋ ಮರವನ್ನು ತೋರಿಸಿದರೋ, ನನಗೆ ತಿಳಿಯಲಿಲ್ಲ. ಹೇಗಿದ್ದರೂ ಅಲ್ಲಿಗೇ ಹೋಗುತ್ತಿದ್ದೇವಲ್ಲ ಎಂದುಕೊಂಡೆ. ಅಷ್ಟರಲ್ಲಿ ಆಕೆ ಅಭ್ಯಾಸಬಲದಿಂದ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

ಹುಳ ಎದ್ದಿತ್ತು. ಒಂದೆರಡಲ್ಲ, ಅಷ್ಟೂ. ಹಳೆ ಪೊರೆ ಬಿಟ್ಟು, ಹೊಸ ಮೂತಿ ಹೊತ್ತು, ಸೊಪ್ಪಿಗಾಗಿ ಡಬ್ಬಿಯ ಗೋಡೆಯಲ್ಲೆಲ್ಲ ಹರಿದಾಡುತ್ತಿದ್ದವು.

"ಏನ್ ಮಾಡಾಣ ಸಾರ್?"

ಆಗ ಅತ್ತೆ ಬಾಯಿ ಹಾಕಿದರು. "ಚೂಸಿ ಪೋದಾಮೇ, ನೋಡ್ಕೊಂಡೇ ಹೋಗಾಣ. ಇಷ್ಟ್ ದೂರ ಬಂದು ಹಂಗೇ ಹೋಗ್ತಾರೇನೇ? ಹುಳ ಹೋದ್ರೆ ಹೋಗ್ಲಿ ಅತ್ಲಾಗೆ!" ಸಾವಿನ ಕಾಗದವನ್ನು ರಾಗಿ ಡಬ್ಬದಲ್ಲಿ ಹೂತಿಟ್ಟ ಮುದುಕಿ ಸೊಸೆಯ ತೋಳು ಹಿಡಿದು ಮರಗಳ ಕಡೆಗೆ ಎಳೆಯಿತು.

ಅಕ್ಕ ಅತ್ತೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಓದಿದವನು ನಾನು ತಾನೆ.

"ಹೊರಡೋದೇ ಒಳ್ಳೇದು ಅಕ್ಕಾ" ಅಂದೆ. "ಹನ್ನೆರಡರ ಬಸ್ಸು ಸಿಗುತ್ತೆ. ಮುಂದಿನ ಬೆಳೆಗೆ ಬಂದರಾಯಿತು."

ಅಕ್ಕ ಒಂದು ಸಲ ಆ ಸಾಲಿನ ಕಡೆ ನೋಡಿದರು. "ಪೋನೀ ಬಿಡಿ" ಅಂದರು. ಬಿಚ್ಚದ ಬುತ್ತಿ ಎತ್ತಿಕೊಂಡರು.

ಬಂಗಾರಪೇಟೆಯಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಕೈಗೆ ಕೆಲಸವಿಲ್ಲದೆ ಜೇಬಿನ ಥರ್ಮಾಮೀಟರು ತೆಗೆದು, ಅಕ್ಕನಿಂದ ಡಬ್ಬಿ ಇಸಕೊಂಡು ಒಳಗಿಟ್ಟೆ. ಪಾದರಸ ಸರ್ರನೆ ಏರಿತು. ಆಗ ಗೊತ್ತಾಯಿತು. ಇಂಜಿನ್ನಿನ ಕಾವು, ಮಡಿಲಿನ ಕಾವು, ಅಲ್ಯೂಮಿನಿಯಂ ಡಬ್ಬಿ, ಬಿಸಿಲು. ಶಾಖ ಹೆಚ್ಚಾದರೆ ಜ್ವರ ಬೇಗ ಏಳುತ್ತದೆ ಎಂದು ಮನೆಮನೆಗೆ ಹೋಗಿ ಭಾಷಣ ಮಾಡುತ್ತಿದ್ದವನು ನಾನು. ಥೂ ನನ್ನ ಓದಿಗಿಷ್ಟು! ತಣ್ಣಗಿನ ಕತ್ತಲ ಮನೆಯಲ್ಲಿ ಮಿಕ್ಕ ಹುಳ ಸುಖವಾಗಿ ಮಲಗಿರುತ್ತವೆ. ಡಬ್ಬಿಯಲ್ಲಿದ್ದವನ್ನು ಮಾತ್ರ ಅಕ್ಕ ತಬ್ಬಿ ತಬ್ಬಿ ಎಬ್ಬಿಸಿದ್ದರು.

ಎದುರಿಗೇ ಗಣಿಗೆ ಹೋಗುವ ಬಸ್ಸು ನಿಂತಿತ್ತು. ಮಧ್ಯಾಹ್ನ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. "ಅಕ್ಕಾ, ನನ್ನ ಲೆಕ್ಕ ತಪ್ಪಿತು, ಬನ್ನಿ ಹಿಂದಿರುಗೋಣ" ಎಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಓದಿದವನು ಎನ್ನಿಸಿಕೊಂಡವನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಥರ್ಮಾಮೀಟರು ಒರೆಸಿ ಜೇಬಿಗಿಟ್ಟುಕೊಂಡೆ.

ಮನೆಯಲ್ಲಿ ಯಜಮಾನರು ಜಗುಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಎಚ್ಚೆತ್ತು, "ಇದೇನ್ ಇಷ್ಟ್ ಬೇಗ? ಒಂದ್ ಹುಳಾನೂ ಎದ್ದಿಲ್ವಲ್ಲೇ!" ಅಂದರು. ಅಕ್ಕ ಒಳಗೆ ಹೋಗಿ ತಟ್ಟೆಗಳನ್ನು ನೋಡಿದರು. ಕೆನ್ನೆ ಚಾಚಿದರು. ಆಮೇಲೆ ಕೈಯಲ್ಲಿದ್ದ ಡಬ್ಬಿಯನ್ನು ಕೆನ್ನೆಗೆ ಒತ್ತಿಕೊಂಡರು. ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲಾ ಅರ್ಥವಾಗಿತ್ತು. ನನಗೆ ಮೊದಲೇ ಅರ್ಥವಾಗಿತ್ತು ಎಂಬುದೂ ಅರ್ಥವಾಗಿರಬೇಕು.

"ಸಾರ್ ಇರಾಣ ಅಂತಾನೇ ಅಂದ್ರು" ಎಂದರು ಗಂಡನಿಗೆ. "ನಂಗೇ ಅಲ್ಲಿ ಬೇಜಾರಾಗೋಯ್ತು. ಬಂದ್ಬಿಟ್ವಿ."

ಅತ್ತೆ ಏನೋ ಹೇಳಲು ಬಾಯಿ ತೆರೆದವರು, ಸೊಸೆಯ ಮುಖ ನೋಡಿ ಮುಚ್ಚಿಕೊಂಡರು. ಅಕ್ಕ ಡಬ್ಬಿಯ ಹುಳಗಳನ್ನು ಬೇರೆ ತಟ್ಟೆಗೆ ಬಿಟ್ಟು, ಎಳೆ ಸೊಪ್ಪು ಹಾಕಿ, ಅಂಗೈಯಿಂದ ಒಮ್ಮೆ ಸವರಿದರು. ಮಿಕ್ಕವು ದೀಪ ಹಚ್ಚಿದ ಮೇಲೆ ಎದ್ದವು. ಬುತ್ತಿಯನ್ನು ಎಲ್ಲರೂ ಜಗುಲಿಯ ಮೇಲೆ ಕೂತು ಉಂಡೆವು.

ಮುಂದಿನ ಬೆಳೆಗೆ ಹೋಗುವ ಮಾತು ಮತ್ತೆ ಏಳಲಿಲ್ಲ. ನನಗೆ ಎತ್ತುವ ಮುಖವಿರಲಿಲ್ಲ, ಆಕೆ ಎತ್ತಿದರೆ ನನ್ನನ್ನು ಚುಚ್ಚಿದಂತಾಗುತ್ತದೆ ಎಂದು ಎತ್ತಲಿಲ್ಲ. ಅಷ್ಟರಲ್ಲಿ ಶ್ರೀನಿವಾಸಪುರಕ್ಕೆ ವರ್ಗವಾಯಿತು, ಆಮೇಲೆ ಮುಳಬಾಗಿಲಿಗೆ. ಬರುತ್ತೇನೆ ಎಂದವನು ಬರಲಿಲ್ಲ. ನಾಚಿಕೆ.

ಮಾರುಕಟ್ಟೆಯಲ್ಲಿ ಮಗನನ್ನು ಕೇಳಿದೆ. "ಅಮ್ಮ ಮತ್ತೆ ಗಣಿ ಕಡೆ ಹೋಗಿದ್ರೇನಪ್ಪಾ?"

"ಇಲ್ಲ ಸಾರ್. ಸಾರ್ ಬರ್ತಾರೆ, ಅವ್ರ್ ಜೊತೇಲೇ ಹೋಗ್ತೀನಿ ಅಂತಿದ್ರು. ಅವ್ರಿಗೂ ನೋಡೋದ್ ಬಾಕಿ ಐತೆ ಅಂತ."

ಈ ಸಲದ ಗೂಡು ಏನಾಯಿತು ಎಂದು ಕೇಳಿದೆ. ಹುಳವನ್ನೆಲ್ಲ ತಿಪ್ಪೆಗುಂಡಿಗೆ ಸುರಿದು ಮಣ್ಣು ಮುಚ್ಚಿದರಂತೆ.

"ಸೂತಕ ಅಂತ ಅಲ್ಲ ಸಾರ್. ಪಕ್ಕದ್ ಮನೆಯೋರು ಸಾಕ್ಕೊಡ್ತೀವಿ ಅಂದ್ರು. ಅಪ್ಪ ಬ್ಯಾಡ ಅಂದ್ಬಿಟ್ರು. ಅಮ್ಮನ್ ಕೈ ಇಲ್ದೆ ಸೊಪ್ಪು ಹಾಕಕ್ಕೆ ನಮ್ ಯಾರಿಗೂ ಮನಸ್ ಬರ್ಲಿಲ್ಲ."

ಆ ಭಾನುವಾರವೇ ಒಬ್ಬನೇ ಗಣಿಯ ಬಸ್ಸು ಹತ್ತಿದೆ. ಮೈದಾನದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡೆ. ಕೆರೆ ಏರಿ ದಾಟಿ, ಒಂಬತ್ತನೇ ಬಾವುಟದ ಆಚೆ ಹೋದೆ. ಹನ್ನೊಂದು ಮರಗಳಿದ್ದವು. ಬೇವು, ಹೊಂಗೆ, ಎರಡು ನೀಲಗಿರಿ, ಒಂದು ಹುಣಿಸೆ. ಎಲ್ಲವೂ ದೊಡ್ಡವೇ. ಕಸ ಗುಡಿಸುತ್ತಿದ್ದ ಮಾಲಿಯೊಬ್ಬ ನನ್ನನ್ನೇ ನೋಡುತ್ತಿದ್ದ.

"ಇಲ್ಲಿ ಹಿಂದೆ ಒಬ್ಬ ಮಾಲಿ ನೆಟ್ಟ ಮರ ಇದೆಯಂತೆ. ಯಾವುದು ಗೊತ್ತೇನಪ್ಪಾ?"

"ಎಲ್ಲಾ ಮಾಲಿಗಳು ನೆಟ್ಟಿದ್ದೇ ಸಾರ್" ಅಂದ ಅವನು. "ಆ ಮಾಲಿ ಹೆಸರೇನು?"

ಹೆಸರು ನನಗೆ ಗೊತ್ತಿರಲಿಲ್ಲ. ಅಕ್ಕ ಯಾವಾಗಲೂ ಅಪ್ಪ ಎಂದೇ ಅನ್ನುತ್ತಿದ್ದರು.

ಒಂದು ತುದಿಯಿಂದ ಶುರುಮಾಡಿ, ಪ್ರತಿಯೊಂದು ಮರದ ಬುಡದಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಕೂತೆ. ಸಂಜೆಯ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.